ಅಕ್ಕಾರು ಹಾಕಿಕೊಟ್ಟ ದನಿ

ಅಕ್ಕಾರ ಬಲಗೈ ಹೆಬ್ಬೆರಳಿಗೆ ಉಗುರು ಅರ್ಧವೇ ಇತ್ತು. ಹುಟ್ಟುಕುರುಡನಾದ ನಾನು ಅವರ ಮುಖ ಕಂಡವನಲ್ಲ. ನನ್ನ ಬೆರಳು ಹಿಡಿದು ಕೀಲಿಮಣೆಯ ಮೇಲಿಡುವಾಗ ತಾಗುತ್ತಿದ್ದ ಆ ಉಗುರೇ ಅವರ ಗುರುತು. ಗೋಳಗುಮ್ಮಟದ ಹತ್ತಿರ ಅವರದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ನಾನು ಬಬಲೇಶ್ವರದಲ್ಲಿ ಇತಿಹಾಸ ಕಲಿಸುವ ಮಾಸ್ತರ. ನನ್ನ ಲ್ಯಾಪ್‌ಟಾಪಿನಲ್ಲಿ ಪಾಠ ಓದಿ ಹೇಳುವ ಕನ್ನಡದ ದನಿಯೊಂದಿದೆ, ಆಡ್‌ಆನ್ ಅಂತಾರೆ. ಅದು ನಿಂತರೆ ನನ್ನ ಪಾಠವೂ ನಿಂತಂತೆ.

ಒಮ್ಮೆ ಹೊಸ ದನಿ ಬಂದಿದೆಯೆಂದು ನಾನೇ ಹಾಕಿಕೊಳ್ಳಲು ಹೋದೆ. ಬೇರೆ ಬೇರೆ ಮಶಿನ್ನಿಗೆಂದು ಮಾಡಿದ ನಾಲ್ಕು ನಮೂನೆಯ ಪ್ಯಾಕೇಜ್ ಹೇಳಿ, ಯಾವುದು ಬೇಕೆಂದು ಲ್ಯಾಪ್‌ಟಾಪ್ ಕೇಳಿತು. ನನಗೇನು ಗೊತ್ತು? ಮೊದಲನೆಯದನ್ನೇ ಒತ್ತಿದೆ. ಹಳೆಯ ದನಿಯೂ ಹೋಗಿ ಲ್ಯಾಪ್‌ಟಾಪ್ ಮೂಕಾಯಿತು. ಮರುದಿನ ರಜೆ ಹಾಕಿ, ಬಸ್ಸು ಹಿಡಿದು, ಅಳುಮೋರೆ ಹೊತ್ತು ಅಂಗಡಿಗೆ ಹೋದೆ.

"ತಪ್ಪು ನಿಮ್ದಲ್ರಿ ಮಾಸ್ತರ," ಅಂದರು ಅಕ್ಕಾರು. "ತಾ ಎಂಥಾ ಮಶಿನ್ ಮ್ಯಾಲೆ ಕುಂತೇನಿ ಅನ್ನೂದು ಸಾಫ್ಟ್‌ವೇರಿಗೆ ಗೊತ್ತಿರ್ತೈತಿ. ತನಗ ಗೊತ್ತಿದ್ದದ್ದು ನಿಮ್ಮನ್ಯಾಕ ಕೇಳಬೇಕು? ತಾನ ನೋಡಿ ಹೊಂದೂದನ್ನ ಹಾಕಬೇಕು. ಹೊಂದೂದು ಇಲ್ಲಂದ್ರ ಇಲ್ಲ ಅನಬೇಕು, ಹಳೇದಕ್ಕ ಕೈ ಹಚ್ಚಬಾರದು."

ಅಷ್ಟಕ್ಕೇ ಬಿಡುವ ಹೆಂಗಸಲ್ಲ. ಹಾಗೆ ತಾನೇ ನೋಡಿ ಆರಿಸುವ ಸಣ್ಣ ಪ್ರೋಗ್ರಾಮ್ ಬರೆಯಲು ಕೂತರು. ಯಾಕಿಷ್ಟು ತ್ರಾಸು ಅಂದರೆ, "ಕಣ್ಣಿಲ್ಲದವ್ರು ನೀವೊಬ್ರ ಏನ್ರಿ ಜಿಲ್ಲಾದಾಗ?" ಎಂದು ಗದರಿದರು. ಹಳೆಯ ದನಿಯನ್ನು ಅಂದೇ ಕೂಡಿಸಿ ಕೊಟ್ಟಿದ್ದರು. ನನ್ನ ಕೆಲಸವೇನೂ ನಿಂತಿರಲಿಲ್ಲ. ಆದರೂ ನನಗೆ ಹೊಸದರ ಚಪಲ. ವಾರಕ್ಕೆರಡು ಸಲ ಫೋನ್ ಮಾಡಿ ಜೀವ ತಿಂದೆ. "ಆಗ್ತೈತ್ರಿ, ಇನ್ನೊಂದು ನಮೂನಿ ಹಾಕಿ ನೋಡೂದು ಉಳದೈತಿ," ಎನ್ನುತ್ತಿದ್ದರು.

ಒಂದು ದಿನ ಫೋನ್ ಎತ್ತಿದವರು ಅವರ ಯಜಮಾನರು. ಅಕ್ಕಾರು ತೀರಿಕೊಂಡು ಮೂರು ದಿನವಾಗಿತ್ತು. ಅಂಗಡಿಗೆ ಓಡಿದೆ. ಯಜಮಾನರು ನನ್ನ ಕೈಯಲ್ಲೊಂದು ಪೆನ್‌ಡ್ರೈವ್ ಇಟ್ಟು, "ದವಾಖಾನಿಗೆ ನಡಿ ಅಂತ ತಿಂಗಳಿಂದ ಬಡಕೊಂಡೆ ಮಾಸ್ತರ. ಮಾಸ್ತರ್ದೊಂದು ಮುಗಿಸಿ ಬರ್ತೇನಿ ಅಂದ್ಳು," ಎಂದರು.

ಮನೆಗೆ ಬಂದು ಹಾಕಿದೆ. ನನ್ನನ್ನು ಏನೂ ಕೇಳದೆ, ತಾನೇ ಆರಿಸಿಕೊಂಡು, ಹೊಸ ದನಿಯಲ್ಲಿ ಮಾತಾಡಿತು. ಲ್ಯಾಪ್‌ಟಾಪ್ ಮುಚ್ಚಿ ಅತ್ತೆ.

"ಅವ್ರು ಸೊರಗಿದ್ದು ನಿಮಗ ಹ್ಯಾಂಗ ಕಾಣಬೇಕ್ರಿ," ಎಂದು ಸಾಲಿಯ ಮಾಸ್ತರರು ಸಮಾಧಾನ ಹೇಳುತ್ತಾರೆ. ಕಣ್ಣಿಲ್ಲ, ಖರೆ. ಕಿವಿ ಇತ್ತಲ್ಲ? ಕಡೆಯ ಸಲ ಫೋನಿನಲ್ಲಿ ಅಕ್ಕಾರು ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ನನಗದು ಚೆನ್ನಾಗಿ ಕೇಳಿಸಿತ್ತು. ಕೇಳಿಸಿಯೂ, "ಯಾವಾಗ ಕೊಡ್ತೀರಿ?" ಅಂದಿದ್ದೆ.