ಬರೀ ನೀರಿನಲ್ಲಿ ಏಳು ಹನಿ

ಟಕ್ ಟಕ್ ಎನ್ನುತ್ತಾ ಪಂಪು ಎಣ್ಣೆ ಬೆರೆತ ನೀರನ್ನು ಗಾಜಿನ ಪೆಟ್ಟಿಗೆಗೆ ನೂಕುತ್ತಿತ್ತು. ಹನ್ನೊಂದು ವರ್ಷದಿಂದ ಅವಳ ಬೆಳಗು ಶುರುವಾಗುವುದು ಆ ಸದ್ದಿನಿಂದಲೇ. ಮುಲಾಮಿನ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಹನಿ ಅಳೆಯುವ ಕೆಲಸ. ಹೆಸರೂ ಹನಿಯಮ್ಮ ಎಂದೇ ಆಗಿಹೋಗಿತ್ತು. ಗಾಜಿನ ಮೂಲಕ ಲೇಸರ್ ಬೆಳಕು ಹಾಯುವಾಗ ಪ್ರತಿ ಹನಿಯ ಸುತ್ತ ಬೆಳಕಿನ ಬಳೆಗಳು ಏಳುತ್ತವೆ. ಕ್ಯಾಮೆರಾ ಹಿಡಿದ ಆ ಬಳೆಗಳಿಂದ ಕಂಪ್ಯೂಟರು ಹನಿ ಎಷ್ಟು ದಪ್ಪ, ಎಷ್ಟು ಆಳದಲ್ಲಿದೆ ಎಂದು ಹೇಳುತ್ತದೆ.

"ಮನೆ ನಲ್ಲಿ ಮೂರು ತಿಂಗಳಿಂದ ಸೋರ್ತಿದೆ. ಆ ಹನಿ ಎಣಿಸೋಕೆ ಯಾರನ್ನ ಕರೀಲೇ?" ಎಂದು ಅಕ್ಕ ಚುಚ್ಚುವುದಿತ್ತು.

ದಿನಾ ಮೊದಲು ಬರೀ ನೀರಿನ ಚಿತ್ರ ತೆಗೆಯಬೇಕು. ಗಾಜಿನ ಕಲೆ, ಧೂಳು ಅದರಲ್ಲಿ ಮೂಡುತ್ತವೆ. ಆಮೇಲಿನ ಚಿತ್ರಗಳಿಂದ ಅವನ್ನು ಕಳೆಯಬೇಕು. ಹೋದ ವರ್ಷ ಒಮ್ಮೆ ಆ ಚಿತ್ರ ಒಂದೂ ಕಲೆಯಿಲ್ಲದೆ ಬಲು ಚೆನ್ನಾಗಿ ಬಂತು. ಅಂದಿನಿಂದ ಅದನ್ನೇ ಬಳಸಿದಳು. ಉಳಿದ ಚಿತ್ರಗಳನ್ನೂ ನೋಡುವುದು ಬಿಟ್ಟು ಕಂಪ್ಯೂಟರು ಕೊಡುವ ಹನಿಗಳ ಪಟ್ಟಿಯನ್ನಷ್ಟೇ ನೋಡತೊಡಗಿದಳು. ಪಟ್ಟಿಯಲ್ಲಿ ದಿನವೂ ಏಳು ದೊಡ್ಡ ಹನಿ. ಮುಲಾಮಿನಲ್ಲಿ ದೊಡ್ಡ ಹನಿ ಉಳಿದರೆ ಕಲಸಿದವರದೇ ತಪ್ಪು.

ಕಲಸುವ ತೊಟ್ಟಿಯ ಅಣ್ಣ ಎರಡು ಸಲ ಬಂದು, "ಇನ್ನೊಂದ್ಸಲ ನೋಡು ತಾಯಿ. ಕಣ್ಣಲ್ಲಿ ಕಣ್ಣಿಟ್ಟು ಕಲಸಿದ್ದೀನಿ" ಎಂದಿದ್ದರು.

"ಪಟ್ಟಿ ಸುಳ್ಳು ಹೇಳಲ್ಲ ಅಣ್ಣ" ಎಂದಿದ್ದಳು. ಹೋದ ತಿಂಗಳು ಅವರನ್ನು ಕೆಲಸದಿಂದ ತೆಗೆದರು.

ಇಂದು ಆ ಹಳೆಯ ಚಿತ್ರ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಹೊಸದು ತೆಗೆದಳು. ಬರೀ ನೀರು. ಅದರಲ್ಲಿ ಏಳು ಬಳೆ. ಗಾಜು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದಳು. ಉಜ್ಜಿದರೂ ಹೋಗದ ಏಳು ಕಲೆ. ಹಳೆಯ ಚಿತ್ರದಲ್ಲಿ ಇವು ಇರಲಿಲ್ಲ; ಕಳೆಯದೆ ಉಳಿದು ದಿನವೂ ಪಟ್ಟಿಯಲ್ಲಿ ಹನಿಗಳಾಗಿದ್ದವು.

ಚಿತ್ರದ ಹಾಳೆ ಹಿಡಿದು ಮ್ಯಾನೇಜರ ಎದುರು ಕೂತಳು. "ಸರ್, ತಪ್ಪು ನಂದು. ಅಣ್ಣನ್ನ ವಾಪಸ್ ಕರೀರಿ."

ಮ್ಯಾನೇಜರು ಹಾಳೆಯನ್ನು ಹಿಂದೆಮುಂದೆ ತಿರುಗಿಸಿದರು. "ಆ ಜಾಗಕ್ಕೆ ಯಂತ್ರ ಬಂದಾಯ್ತಲ್ಲಮ್ಮ. ಕರೆದು ಎಲ್ಲಿ ನಿಲ್ಲಿಸಲಿ, ಗೇಟಲ್ಲಾ?"

"ಅವರದು ತಪ್ಪಿರಲಿಲ್ಲ ಅಂತ ಒಂದು ಕಾಗದನಾದ್ರೂ ಕೊಡಿ. ಎಲ್ಲೂ ಕೆಲಸ ಸಿಗ್ತಿಲ್ಲವಂತೆ."

"ಕೊಟ್ಟರೆ ವರ್ಷದ ವರದಿಯೆಲ್ಲಾ ಸುಳ್ಳಾಗುತ್ತೆ. ನಿಮ್ಮ ಕೆಲಸಾನೂ ಹೋಗುತ್ತೆ. ನೀವಾಗೇ ಹೋಗಿ ಬೆಂಕಿಗೆ ಯಾಕೆ ಬೀಳ್ತೀರಿ?" ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾದಿಸಬಹುದಿತ್ತು. "ಗಾಜು ಬದಲಾಯಿಸಿ. ನಾಳೆಯಿಂದ ದಿನಾ ಹೊಸ ಚಿತ್ರ ತೆಗೀರಿ. ಅವರಿಗೂ ವಯಸ್ಸಾಗಿತ್ತು, ಇವತ್ತಲ್ಲ ನಾಳೆ ಮನೆಗೆ ಹೋಗೋರೇ. ಈಗ ನೋಡಿ, ಹೊಸ ಯಂತ್ರಕ್ಕೂ ನೀವೇ ಹನಿ ಅಳೆದು..."

ಅವಳು ಎದ್ದಳು. ಅವರ ಮಾತು ನಿಂತಿರಲಿಲ್ಲ. ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಬಾಗಿಲು ದಾಟಿ ನಡೆದುಬಿಟ್ಟಳು.