ಪ್ರಶ್ನೆಪಟ್ಟಿ ತಿದ್ದಿದ ಮುನಿಲಕ್ಷ್ಮಿ

ಮುನಿಲಕ್ಷ್ಮಿ ಸಾದಲಿಯ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಗಣಿತದ ತರಗತಿಯಲ್ಲಿ ಕೂತವಳು. ಅವಳ ಬುದ್ಧಿ ಎಂಥದ್ದೆಂದು ಆಗ ನನಗೆ ಗೊತ್ತಾಗಲಿಲ್ಲ, ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗುತ್ತೇನೆ. ಹತ್ತನೇ ತರಗತಿ ಪಾಸಾಗಿ, ಎರಡು ವರ್ಷ ಮನೆಯಲ್ಲಿದ್ದು, ಪಕ್ಕದ ಊರಿನ ಮುನೇಶನನ್ನು ಮದುವೆಯಾದಳು. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಕೊಳವೆಬಾವಿ, ಮನೆ ಹಿಂದೆ ಹುಳು ಸಾಕುವ ಉದ್ದನೆಯ ಶೆಡ್ಡು. ಇಪ್ಪತ್ತು ವರ್ಷದಿಂದ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಳೆ. ಈಗ ಅದರ ಜೊತೆಗೆ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡುತ್ತಾಳೆ. ಇದು ಹೇಗಾಯಿತೆಂಬುದರಲ್ಲಿ ಅರ್ಧ ನಾನು ಕಂಡದ್ದು, ಉಳಿದದ್ದು ಅವಳೇ ಹೇಳಿದ್ದು.

ನಾಲ್ಕು ವರ್ಷದ ಹಿಂದೆ ಹೆದ್ದಾರಿ ಕಡೆಯ ಒಂದು ವಿಶ್ವವಿದ್ಯಾಲಯದಿಂದ ಒಂದು ತಂಡ ಬಂತು. ಅಲ್ಲಿ ಸುಸ್ಥಿರತೆಯ ಅಧ್ಯಯನಕ್ಕೆಂದು ಹೊಸ ವಿಭಾಗ ತೆರೆದಿದ್ದರು. ನೆಲದಡಿಯ ನೀರು ಓದಿದವರು, ಮಣ್ಣು ಓದಿದವರು, ಅರ್ಥಶಾಸ್ತ್ರ ಓದಿದವರು ಎಲ್ಲ ಒಂದೇ ಸಮಸ್ಯೆ ಹಿಡಿದು ಕೂರಬೇಕು, ವಿದ್ಯಾರ್ಥಿಗಳು ಅದನ್ನು ಊರೂರಿಗೆ ಹೋಗಿ ಕಲಿಯಬೇಕು ಎಂಬುದು ಅದರ ಉದ್ದೇಶ. ಮುಖ್ಯಸ್ಥೆ ಪ್ರೊಫೆಸರ್ ತನುಜ. ಬೋರ್‌ವೆಲ್ ಸಾವಿರ ಅಡಿ ದಾಟಿರುವ ನಮ್ಮ ಕಡೆ, ಹನಿ ನೀರಾವರಿ ಹಾಕಿಸಿಕೊಂಡ ರೇಷ್ಮೆ ಬೆಳೆಗಾರರ ಸ್ಥಿತಿ ಏನಾಯಿತು ಎಂದು ಅವರು ತಿಳಿಯಬೇಕಿತ್ತು. ವಿದ್ಯಾರ್ಥಿಗಳು ಅರವತ್ತೆರಡು ಪ್ರಶ್ನೆಗಳ ಫಾರಂ ಹಿಡಿದು ನೂರ ನಲವತ್ತು ಮನೆ ಸುತ್ತಿದರು. ಆರು ತಿಂಗಳಾದ ಮೇಲೆ, ಕಂಡದ್ದನ್ನು ಊರವರಿಗೂ ಹೇಳೋಣವೆಂದು ಶಾಲೆಯ ಹಾಲ್‌ನಲ್ಲಿ ಸಭೆ ಕರೆದರು. ನಾನೂ ಹೋಗಿದ್ದೆ.

ಲೆಕ್ಕ ಮಾಡಿದ್ದ ಸಂಶೋಧನಾ ವಿದ್ಯಾರ್ಥಿ ಸುನೀಲ್‌ಕುಮಾರ್ ಪರದೆಯ ಮೇಲೆ ಒಂದು ಚಿತ್ರ ತೋರಿಸಿದ. ನೂರ ಮೂವತ್ತೊಂದು ಮನೆಗಳಲ್ಲಿ, ಪ್ರತಿ ಬೆಳೆಯಲ್ಲೂ ಹುಳುಗಳಿಗೆ ಜ್ವರ. ಇಷ್ಟು ರೋಗ ಇರುವಲ್ಲಿ ರೇಷ್ಮೆ ಬಿಟ್ಟು ಬೇರೆ ಬೆಳೆಗೆ ಹೋಗುವುದೇ ಮೇಲು ಎಂದು ವರದಿ ಬರೆಯುವುದಾಗಿ ಹೇಳಿದ. ಹಿಂದಿನ ಸಾಲಿನಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮುನಿಲಕ್ಷ್ಮಿ ಮಾತ್ರ ನಗದೆ ಎದ್ದು ನಿಂತಳು.

"ಸಾರ್, ಫಾರಮ್ಮಲ್ಲಿ ಏನಂತ ಕೇಳಿದ್ರಿ?"

"ನಿಮ್ಮ ಹುಳಕ್ಕೆ ಜ್ವರ ಬಂತಾ, ಎಷ್ಟು ಸಲ, ಅಂತ."

"ನಾಲ್ಕು ಸಲ ಅಂದಿರ್ತಾರೆ."

ಸುನೀಲ್‌ಕುಮಾರ್ ಕಂಪ್ಯೂಟರ್ ನೋಡಿದ. "ಹೌದು. ಬಂತು ಅಂದೋರೆಲ್ಲಾ ನಾಲ್ಕೇ ಅಂದಿದ್ದಾರೆ."

"ನಾಲ್ಕು ಬರ್ಲಿಲ್ಲ ಅಂದ್ರೆ ಹುಳ ಗೂಡೇ ಕಟ್ಟಲ್ಲ ಸಾರ್. ಮೇಯೋದು ನಿಲ್ಸಿ, ತಲೆ ಎತ್ಕೊಂಡು ಒಂದಿನ ಹಂಗೇ ಇದ್ದು ಪೊರೆ ಬಿಡ್ತವಲ್ಲ, ಅದನ್ನ ನಾವು ಜ್ವರ ಅಂತೀವಿ. ಅದು ರೋಗ ಅಲ್ಲ, ಬೆಳೆಯೋದು. ರೋಗಕ್ಕೆ ಬೇರೆ ಹೆಸರವೆ. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ. ಅವನ್ನ ನೀವು ಕೇಳೇ ಇಲ್ಲ."

ತಂಡದಲ್ಲಿ ರೇಷ್ಮೆ ಕೃಷಿ ಓದಿದವರು ಒಬ್ಬರೂ ಇರಲಿಲ್ಲ. ಮೊದಲ ಸಲ ಬಂದಾಗ ಯಾರದೋ ಬಾಯಲ್ಲಿ ಜ್ವರ ಎಂಬ ಮಾತು ಕೇಳಿ, ರೋಗವೆಂದುಕೊಂಡು ಫಾರಂನಲ್ಲಿ ಸೇರಿಸಿದ್ದರು. ಸುನೀಲ್‌ಕುಮಾರನ ಮುಖ ಕೆಂಪಾಯಿತು. ತನುಜ ಎದ್ದು ಬಂದು, "ತಪ್ಪು ನಮ್ದು. ಈ ವರದಿ ಬರೆಯಲ್ಲ," ಎಂದು ಎಲ್ಲರೆದುರು ಹೇಳಿದರು. ಆ ಮಾತಿಗೆ ನಾನು ಅವರನ್ನು ಗೌರವಿಸಿದೆ.

ಮರುವಾರ ತನುಜ ಮುನಿಲಕ್ಷ್ಮಿಯ ಮನೆಗೇ ಬಂದರು. ಅರವತ್ತೆರಡು ಪ್ರಶ್ನೆಗಳನ್ನೂ ಒಂದೊಂದಾಗಿ ಓದಿ ನೋಡಲು ವಿಶ್ವವಿದ್ಯಾಲಯಕ್ಕೆ ಬರುತ್ತೀರಾ ಎಂದು ಕೇಳಿದರು. ಹುಳು ಗೂಡು ಕಟ್ಟಿದ ಮೇಲೆ ಬರುತ್ತೇನೆ ಎಂದಳು ಇವಳು. ಹನ್ನೆರಡು ದಿನ ಕಾದರು.

ಹವಾನಿಯಂತ್ರಿತ ಕೋಣೆ, ಉದ್ದದ ಮೇಜು, ಸುತ್ತ ಮೂವರು ಪ್ರೊಫೆಸರುಗಳು. ಹತ್ತೊಂಬತ್ತನೇ ಪ್ರಶ್ನೆ "ನಿಮ್ಮ ಇಳುವರಿ ಎಷ್ಟು" ಎಂದಿತ್ತು. "ಯಾವುದ್ರದ್ದು?" ಎಂದು ಕೇಳಿದಳು. ಮಣ್ಣಿನವರು ಎಕರೆಗೆ ಎಷ್ಟು ಸೊಪ್ಪು ಎಂದರು. ತನುಜ ನೂರು ಚಿಟ್ಟೆ ಇಟ್ಟ ಮೊಟ್ಟೆಗೆ ಎಷ್ಟು ಕೆಜಿ ಗೂಡು ಎಂದರು. ನೀರಿನವರು ಕೊಳವೆಬಾವಿ ಗಂಟೆಗೆ ಎಷ್ಟು ನೀರು ಕೊಡುತ್ತದೆ ಎಂದುಕೊಂಡಿದ್ದರು. ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದ ಮೂವರೂ ಮುಖ ಮುಖ ನೋಡಿಕೊಂಡರು.

"ಮೂರೂ ಬೇಕು ಮೇಡಂ," ಎಂದಳು ಮುನಿಲಕ್ಷ್ಮಿ. "ಆದ್ರೆ ಮೂರು ಸಲ ಕೇಳ್ಬೇಕು. ಸೊಪ್ಪಿಂದೂ ನೀರಿಂದೂ ಗಂಡಸ್ರನ್ನ ಕೇಳಿ, ಹುಳದ್ದು ಹೆಂಗಸ್ರನ್ನ ಕೇಳಿ."

ಫಾರಂ ಹೊಸದಾಯಿತು. ಸುನೀಲ್‌ಕುಮಾರನೂ ಅವಳೂ ಸೇರಿ ಮತ್ತೆ ನೂರ ನಲವತ್ತು ಮನೆ ಸುತ್ತಿದರು. ಚಿಂತಾಮಣಿ ಕಡೆಯ ಊರುಗಳಲ್ಲಿ ಅವಳು ತೆಲುಗಿನಲ್ಲೇ ಕೇಳಿದಳು. ಅವಳ ಮನೆಯೂ ಪಟ್ಟಿಯಲ್ಲಿತ್ತು. ಒಂದು ಸಂಜೆ ಜಗಲಿಯ ಮೇಲೆ ಫಾರಂ ಹಿಡಿದು ಗಂಡನ ಎದುರು ಕೂತಳು.

"ನಿಂಗೇ ಗೊತ್ತಲ್ಲ, ಬರ್ಕೋ," ಎಂದ ಮುನೇಶ.

"ಕೇಳ್ಬೇಕು ಕಣ್ರೀ. ನಾನಾಗೇ ಬರ್ಕೋಬಾರ್ದು. ಡ್ರಿಪ್ ಹಾಕಿದ್ಮೇಲೆ ಮೋಟ್ರು ಓಡೋದು ಕಮ್ಮಿ ಆಯ್ತಾ?"

ಮುನೇಶ ತೋಟದ ಕಡೆ ಕೈ ತೋರಿಸಿದ. "ಇಲ್ಲ. ಉಳಿದ ನೀರಿಗೆ ಅರ್ಧ ಎಕರೆ ತೋಟ ಜಾಸ್ತಿ ಮಾಡಿದ್ವಲ್ಲ. ಇರೋದು ಇದ್ದಂಗೆ ಬರಿ."

ಬರೆದಳು. ಅದು ಅವಳ ಮನೆಯೊಂದರ ಕಥೆಯಾಗಿರಲಿಲ್ಲ. ಹೊಸ ಲೆಕ್ಕದಲ್ಲಿ ರೋಗ ಕಂಡದ್ದು ಹದಿನೇಳೇ ಮನೆಗಳಲ್ಲಿ. ಆದರೆ ಹನಿ ನೀರಾವರಿ ಹಾಕಿಸಿದವರಲ್ಲಿ ಮುಕ್ಕಾಲು ಪಾಲು ಜನ ತೋಟ ಹಿಗ್ಗಿಸಿದ್ದರು. ನೆಲದಡಿಯ ನೀರಿಗೆ ಉಳಿತಾಯ ಏನೂ ಆಗಿರಲಿಲ್ಲ.

ಎರಡನೇ ಸಭೆಯಲ್ಲಿ ಪರದೆಯ ಪಕ್ಕ ನಿಂತು ಇದನ್ನು ಹೇಳಿದವಳು ಮುನಿಲಕ್ಷ್ಮಿಯೇ. ಮೊದಲು ತನ್ನ ಮನೆಯ ಲೆಕ್ಕ ಹೇಳಿದಳು, ಆಮೇಲೆ ಊರಿನದು. ಸಾವಿರ ಅಡಿ ಆಳದ ನೀರಿನ ಮಾತನ್ನು, ನನ್ನ ಗಣಿತದ ತರಗತಿಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ಹುಡುಗಿ, ಒಂದು ಕಾಗದವನ್ನೂ ನೋಡದೆ ಬಿಡಿಸಿಟ್ಟಳು. ನನ್ನ ಪಕ್ಕ ಕೂತಿದ್ದವರಿಗೆ, "ನನ್ನ ವಿದ್ಯಾರ್ಥಿನಿ," ಎಂದೆ. ಕೇಳದೇ ಇದ್ದವರಿಗೂ ಹೇಳಿದೆ.

ದೊಡ್ಡ ತೋಟದ ಎರ್ರಪ್ಪನಿಗೆ ಸಿಟ್ಟು ಬಂತು. "ನಮ್ಮೋಳಾಗಿ ನೀನೇ ಹಿಂಗಂದ್ರೆ ಹೆಂಗಮ್ಮ?"

"ನಮ್ಮೋಳು ಅಂತಾನೇ ಹೇಳ್ತಿರೋದು ಎರ್ರಪ್ಪಣ್ಣ. ನೀರು ಹೋದ್ರೆ ನಿಮ್ಮ ತೋಟಾನೂ ಹೋಗುತ್ತೆ, ನಂದೂ ಹೋಗುತ್ತೆ."

ಆ ವರ್ಷ ಇಪ್ಪತ್ಮೂರು ಮನೆಯವರು ತೋಟ ಹಿಗ್ಗಿಸುವುದಿಲ್ಲವೆಂದು ಒಪ್ಪಿ, ಬೋರ್‌ವೆಲ್‌ಗೆ ಮೀಟರ್ ಹಾಕಿಸಿಕೊಂಡರು. ಮುನೇಶ ಹೆಚ್ಚಿಗೆ ಮಾಡಿದ್ದ ಅರ್ಧ ಎಕರೆ ಹಿಪ್ಪುನೇರಳೆ ಕಿತ್ತು, ಮಳೆಗೇ ಬೆಳೆಯುವ ರಾಗಿ ಬಿತ್ತಿದ. ಎರ್ರಪ್ಪ ಒಪ್ಪಲಿಲ್ಲ, ಇಂದಿಗೂ ಒಪ್ಪಿಲ್ಲ.

ವರದಿ ಅಚ್ಚಾದಾಗ ಬರೆದವರ ಹೆಸರುಗಳಲ್ಲಿ ಮೂರನೆಯದು ಮುನಿಲಕ್ಷ್ಮಿಯದು. ಹೆಸರಿನ ಮುಂದೆ ಏನೆಂದು ಹಾಕಲಿ ಎಂದು ತನುಜ ಕೇಳಿದ್ದಕ್ಕೆ, "ರೇಷ್ಮೆ ಬೆಳೆಗಾರ್ತಿ" ಅಂದಳಂತೆ. ಹಾಗೇ ಅಚ್ಚಾಗಿದೆ. ವಿದ್ಯಾರ್ಥಿಗಳಿಗೂ ಅವಳೇ ಕಲಿಸಲಿ ಎಂದು ತನುಜ ಕೇಳಿದಾಗ, ಡಿಗ್ರಿ ಇಲ್ಲದವಳಿಗೆ ಪಾಠ ಮಾಡುವ ಕೆಲಸ ಕೊಡುವುದು ಹೇಗೆಂದು ವಿಶ್ವವಿದ್ಯಾಲಯದ ಸಮಿತಿಯಲ್ಲಿ ಎರಡು ಸಲ ಚರ್ಚೆಯಾಯಿತು. ತನುಜ ಹಳೆಯ ಫಾರಂ, ಹೊಸ ಫಾರಂ ಎರಡನ್ನೂ ಮೇಜಿನ ಮೇಲಿಟ್ಟು, ಓದಿ ನೋಡಿ ಎಂದರಂತೆ. ವಿದ್ಯಾರ್ಥಿಗಳನ್ನು ಊರೂರಿಗೆ ಕರೆದೊಯ್ದು ಕಲಿಸುವ ಕ್ಷೇತ್ರ ಬೋಧಕಿ ಎಂಬ ಹುದ್ದೆ ಹುಟ್ಟಿದ್ದು ಹಾಗೆ.

ಈ ವರ್ಷ ಅವಳ ತರಗತಿಯಲ್ಲಿ ಹದಿನಾರು ಜನ. ಭೌತಶಾಸ್ತ್ರ ಓದಿದವರಿದ್ದಾರೆ, ಕಾನೂನು ಓದಿದವರಿದ್ದಾರೆ. ಸಲ ಸಲವೂ ರೇಷ್ಮೆಯೇ ಯಾಕೆ ಎಂದು, ಅವರನ್ನು ಗೌರಿಬಿದನೂರು ತಾಲ್ಲೂಕಿನ ನಗರಗೆರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಮುಸುಕಿನ ಜೋಳ, ಕಡಲೆಕಾಯಿ. ನಾನೂ ಅವತ್ತು ಜೊತೆಗಿದ್ದೆ. ಹೊಲದ ಬದುವಿನಲ್ಲಿ ವಿದ್ಯಾರ್ಥಿಗಳು ಫಾರಂ ತೆಗೆದರು. ಮುನಿಲಕ್ಷ್ಮಿ ಕೈ ಅಡ್ಡ ಹಿಡಿದಳು.

"ಈ ಬೆಳೆ ನಂಗೂ ಗೊತ್ತಿಲ್ಲ ಕಣ್ರಪ್ಪ. ಫಾರಂ ಒಳಗಿಡಿ. ಮೊದ್ಲು ಕೂತು ಕೇಳಣ."

ಹೊಲದ ಯಜಮಾನ ಕೋನಪ್ಪ ತಲೆಯ ಟವೆಲ್ ಬಿಚ್ಚಿ ಬೇವಿನ ನೆರಳಲ್ಲಿ ಹಾಸಿದ. ಹದಿನಾರು ಜನವೂ ಅವನ ಸುತ್ತ ನೆಲದ ಮೇಲೆ ಕೂತರು, ಅವರ ನಡುವೆ ಒಬ್ಬಳಾಗಿ ಅವರ ಮೇಡಂ.