ಆ ಹುಡುಗನೇ ಎದ್ದು ಹೋಗಿ ಕೂತ

ಮಂಜುನಾಥನನ್ನು ಹುಡುಗಿಯರ ಬೆಂಚಿಗೆ ಕಳಿಸಿದ್ದು ನಾನು. ಅವನು ತಾನಾಗಿಯೇ ಹೋದನೆಂದು ಪ್ರಿನ್ಸಿಪಾಲರ ಎದುರು, ಒಬ್ಬ ತಂದೆಯ ಎದುರು, ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನಿಂದ ಇಬ್ಬರ ಓದು ನಿಂತಿತು. ಇಷ್ಟು ಬರೆಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು — ಬರೆದ ಮೇಲೂ ಎಲ್ಲ ಅರ್ಥವಾಗಿದೆ ಎಂದು ಹೇಳಲಾರೆ.

ನಾನು ಹೊನ್ನಾಳಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಆಗ ಕೆಲಸಕ್ಕೆ ಹೊಸಬ. ನಗಿಸುತ್ತಾ ಪಾಠ ಮಾಡುತ್ತೇನೆಂದು ಹೆಸರು ಬಂದಿತ್ತು. ಆ ಹೆಸರು ತಲೆಗೂ ಏರಿತ್ತು. ಬೇರೆಯವರ ತರಗತಿಯಲ್ಲಿ ಹುಡುಗರು ತೂಕಡಿಸುತ್ತಾರೆ, ನನ್ನ ತರಗತಿಯ ನಗು ಗೋಡೆಯಾಚೆಗೂ ಕೇಳುತ್ತದೆ — ಇದು ನನ್ನ ಜಂಭ.

ಎರಡನೇ ಪಿಯುಸಿಯ ಕೊನೆಯಲ್ಲಿ ಅರೆವಾಹಕಗಳ ಪಾಠ ಬರುತ್ತದೆ. ಒಂದು ಕಡೆ ಎನ್ ಭಾಗ, ಅಲ್ಲಿ ಓಡಾಡುವ ಇಲೆಕ್ಟ್ರಾನುಗಳು ಹೆಚ್ಚು. ಇನ್ನೊಂದು ಕಡೆ ಪಿ ಭಾಗ, ಅಲ್ಲಿ ಇಲೆಕ್ಟ್ರಾನ್ ಇರಬೇಕಾದ ಜಾಗಗಳು ಖಾಲಿ. ಎರಡೂ ಕೂಡುವ ಅಂಚಿಗೆ ಜಂಕ್ಷನ್ ಎನ್ನುತ್ತಾರೆ; ಅಲ್ಲಿ ಇಲೆಕ್ಟ್ರಾನುಗಳು ದಾಟಿ ಹೋಗಿ ಆ ಖಾಲಿ ಜಾಗಗಳನ್ನು ತುಂಬುತ್ತವೆ. ತುಂಬಿದ ಮೇಲೆ ಅಂಚಿನಲ್ಲಿ ಓಡಾಡುವಂಥದ್ದು ಏನೂ ಉಳಿಯುವುದಿಲ್ಲ. ಆ ಬರಿದಾದ ಪಟ್ಟಿಗೆ ಡಿಪ್ಲೀಷನ್ ರೀಜನ್ ಎಂದು ಹೆಸರು. ಕಣ್ಣಿಗೆ ಕಾಣದ ಇದನ್ನು ಹೇಗೆ ತೋರಿಸುವುದು? ತರಗತಿಯನ್ನೇ ನೋಡಿದೆ. ಎಡಕ್ಕೆ ಹುಡುಗರ ಬೆಂಚು, ಬಲಕ್ಕೆ ಹುಡುಗಿಯರ ಬೆಂಚು, ನಡುವೆ ಯಾರೂ ದಾಟದ ದಾರಿ. ದೇವರೇ ಉದಾಹರಣೆ ತಂದುಕೊಟ್ಟ ಹಾಗಾಯಿತು ನನಗೆ.

ಹುಡುಗಿಯರ ಕಡೆ ಮುಂದಿನ ಬೆಂಚಿನ ತುದಿ ಖಾಲಿಯಿತ್ತು. ಅದರ ಪಕ್ಕ ಶೈಲಾ ಕೂತಿದ್ದಳು. ನ್ಯಾಮತಿಯಾಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುತ್ತಿದ್ದಳು, ಆದರೆ ಸರಿಯಾದ ಉತ್ತರ. ದಾರಿಯ ಈಚೆ ಮಂಜುನಾಥ. ಜಗಳೂರು ಕಡೆಯ ಸೊಕ್ಕೆಯವನು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ.

“ಲೇ ಮಂಜುನಾಥ, ನೀನೇ ಇಲೆಕ್ಟ್ರಾನ್. ಅಲ್ಲಿ ಶೈಲನ ಪಕ್ಕ ಜಾಗ ಖಾಲಿ ಐತೆ, ಹೋಗಿ ಕೂತ್ಕ,” ಎಂದೆ.

ಅವನು ಏಳಲಿಲ್ಲ. “ಬ್ಯಾಡ ಸಾರ್,” ಎಂದ. ಅಷ್ಟರಲ್ಲಿ ತರಗತಿ ಕಿಸಕ್ಕೆಂದಿತ್ತು. ಶುರುವಾದ ನಗುವನ್ನು ನಿಲ್ಲಿಸುವ ಬುದ್ಧಿ ನನಗಿರಲಿಲ್ಲ. “ಪ್ರಾಕ್ಟಿಕಲ್ ಮಾರ್ಕ್ಸು ನನ್ನ ಕೈಯಾಗೆ ಐತೆ, ಗೊತ್ತಲ್ಲ? ಏಳು,” ಎಂದೆ. ತಮಾಷೆಗೆ ಅಂದದ್ದು — ತಮಾಷೆಗೇನಾ? ಗೊತ್ತಿಲ್ಲ. ಅವನು ತಲೆ ತಗ್ಗಿಸಿಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತ. ಶೈಲಾ ಗೋಡೆಯ ಕಡೆ ಸರಿದಳು.

“ನೋಡ್ರಿ, ಈಗ ಇವನೂ ಓಡಾಡಂಗಿಲ್ಲ, ಆ ಜಾಗನೂ ಖಾಲಿ ಇಲ್ಲ. ಇಬ್ರ ಕತೆನೂ ಮುಗೀತು!”

ತರಗತಿ ಬಿದ್ದು ಬಿದ್ದು ನಕ್ಕಿತು. ಪಾಠವೂ ಎಲ್ಲರಿಗೂ ಅರ್ಥವಾಯಿತು. ಬಹಳ ದಿನ ನಾನು ಇದೊಂದನ್ನೇ ಹಿಡಿದುಕೊಂಡು ಸಮಾಧಾನಪಟ್ಟಿದ್ದೇನೆ — ಪಾಠ ಅರ್ಥವಾಯಿತಲ್ಲ, ಎಂದು.

ಮರುದಿನದಿಂದ ಅವರಿಬ್ಬರಿಗೆ ‘ಜಂಕ್ಷನ್’ ಎಂದು ಅಡ್ಡಹೆಸರು ಬಿತ್ತು. ಕಾಲೇಜಿನ ಮೆಟ್ಟಿಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ನ್ಯಾಮತಿ ಬಸ್ಸಿನಲ್ಲಿ ಅದೇ ಕೂಗು. ನನ್ನ ಕಿವಿಗೂ ಬಿದ್ದಿತ್ತು, ನಾನೂ ನಕ್ಕಿದ್ದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಂದು ದಿನ ಬಸ್ಸಿನಲ್ಲಿದ್ದ ಶೈಲಾಳ ಚಿಕ್ಕಪ್ಪ ಆ ಕೂಗನ್ನು ಕೇಳಿಸಿಕೊಂಡರು. ಮನೆಯಲ್ಲಿ ವಿಚಾರಿಸಿದಾಗ ಅವಳು ನಡೆದದ್ದನ್ನು ನಡೆದ ಹಾಗೆಯೇ ಹೇಳಿದ್ದಳು. ಅವನು ತಾನಾಗಿ ಬರಲಿಲ್ಲ, ಸಾರೇ ಕಳಿಸಿದ್ದು ಎಂದು.

ಅವಳ ತಂದೆ ರುದ್ರಪ್ಪನವರು ಕಾಲೇಜಿಗೆ ಬಂದರು. ನನ್ನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆಸಿದರು. ಮಂಜುನಾಥ ಬಾಗಿಲ ಹತ್ತಿರ ನಿಂತಿದ್ದ. ನಾನು ಒಳಗೆ ಬಂದದ್ದೇ ರುದ್ರಪ್ಪನವರು ಕುರ್ಚಿಯಿಂದ ಎದ್ದು ಕೈಮುಗಿದರು — ವಯಸ್ಸಿನಲ್ಲಿ ಅಷ್ಟು ಹಿರಿಯರು, ನನಗೆ — ಮೇಷ್ಟ್ರು ಎಂದು.

“ನನ್ನ ಮಗಳು ನಿಮ್ಮ ಹೆಸರು ಹೇಳ್ತಾಳ್ರೀ. ನೀವೇ ಕಳಿಸಿದ್ರಂತೆ. ಹೌದೇನ್ರೀ?”

ಹೌದು ಎನ್ನಬಹುದಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪ್ರಿನ್ಸಿಪಾಲರು ನನ್ನ ಮುಖವನ್ನೇ ನೋಡುತ್ತಿದ್ದರು.

“ಆ ಹುಡುಗನೇ ಎದ್ದು ಹೋಗಿ ಕೂತ,” ಎಂದೆ.

ಎದ್ದದ್ದು ನಿಜ. ಹೋದದ್ದು ನಿಜ. ಕೂತದ್ದೂ ನಿಜ. ಎಷ್ಟು ಸಲೀಸಾಗಿ ಬಂತು ಆ ಮಾತು! ಮಂಜುನಾಥ ಏನಾದರೂ ಹೇಳುತ್ತಾನೆಂದು ಹೆದರಿ ಕಾದೆ. ಅವನು ನನ್ನನ್ನು ನೋಡಿದ, ಹೇಳಲಿಲ್ಲ. ರುದ್ರಪ್ಪನವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. “ಮೇಷ್ಟ್ರು ಸುಳ್ಳು ಹೇಳ್ತಾರಾ? ನನ್ನ ಮಗಳೇ ಸುಳ್ಳಿ,” ಎಂದು ಹೊರಟುಹೋದರು.

ಮಂಜುನಾಥನಿಗೆ ಟಿ.ಸಿ. ಕೊಟ್ಟು ಕಳಿಸಿದರು. ಶೈಲಾ ಪರೀಕ್ಷೆಗೂ ಬರಲಿಲ್ಲ, ಅವಳನ್ನು ಬೇಗನೆ ಚನ್ನಗಿರಿಗೆ ಮದುವೆ ಮಾಡಿಕೊಟ್ಟರು. ಕಣ್ಣಾರೆ ಕಂಡಿದ್ದ ಇಡೀ ತರಗತಿ ಬಾಯಿ ಬಿಡಲಿಲ್ಲ. ಅವರ ಪ್ರಾಕ್ಟಿಕಲ್ ಅಂಕಗಳೂ ನನ್ನ ಕೈಯಲ್ಲೇ ಇದ್ದವಲ್ಲ. ಆಮೇಲೆ ಎಷ್ಟೋ ವರ್ಷ ಆ ಹಳ್ಳಿಯಿಂದ ಒಬ್ಬ ಹುಡುಗಿಯೂ ನಮ್ಮ ಕಾಲೇಜಿಗೆ ಸೇರಲಿಲ್ಲ.

ನಡುವೆ ನನಗೆ ಜಗಳೂರಿಗೆ ವರ್ಗವಾಗಿತ್ತು. ಮಂಜುನಾಥನ ಊರಿಗೆ ಹೋಗುವ ಸೊಕ್ಕೆ ಬಸ್ಸು ದಿನಾ ನನ್ನ ಎದುರೇ ನಿಲ್ಲುತ್ತಿತ್ತು. ಒಂದು ದಿನವೂ ಹತ್ತಲಿಲ್ಲ. ಹತ್ತಿ ಹೋಗಿ ಏನು ಹೇಳಲಿ ಎನ್ನುತ್ತಿದ್ದೆ — ಹೇಳಬೇಕಾದದ್ದು ಏನೆಂದು ಗೊತ್ತಿಲ್ಲದವನ ಹಾಗೆ.

ಮತ್ತೆ ಹೊನ್ನಾಳಿಗೇ ಬಂದೆ. ಹೋದ ವರ್ಷ ಅಡ್ಮಿಷನ್ ಹೊತ್ತಿನಲ್ಲಿ ಒಬ್ಬ ಹೆಂಗಸು ಎದುರು ಬಂದು ನಿಂತಳು. ಶೈಲಾ. ಪಕ್ಕದಲ್ಲಿ ಮಗಳು, ಸಿಂಚನಾ.

“ಚೆನ್ನಾಗಿದೀರಾ ಸಾರ್? ನನ್ನ ಮಗಳು. ತಾತನ ಮನೇಲಿದ್ದು ಓದ್ತಾಳೆ. ನಿಮ್ಮ ಕೈಗೆ ಒಪ್ಪಿಸ್ತಿದೀನಿ,” ಎಂದಳು. ನಕ್ಕಳು ಕೂಡ.

ಚನ್ನಗಿರಿಯಲ್ಲಿ ಕಾಲೇಜಿಲ್ಲವೇ? ನನ್ನ ಕೈಗೇ ಏಕೆ? ಕ್ಷಮಿಸಿದ್ದಾಳೋ, ಪರೀಕ್ಷಿಸುತ್ತಿದ್ದಾಳೋ — ಅಥವಾ ಅವಳಿಗೆ ಇದು ಮರೆತೇ ಹೋಗಿದೆಯೋ? ಮರೆಯುವುದು ಹೇಗೆ ಸಾಧ್ಯ? ಆ ನಗುವನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ನನಗೆ ಬಗೆಹರಿಯಲಿಲ್ಲ. “ಆಗಲಮ್ಮ,” ಎಂದಷ್ಟೇ ಹೇಳಿದೆ. ಅಲ್ಲಿಗೆ ಎರಡನೇ ಸಲ ನಿಜವನ್ನು ಮುಚ್ಚಿಟ್ಟ ಹಾಗಾಯಿತು.

ಈ ವರ್ಷ ಸಿಂಚನಾ ಎರಡನೇ ಪಿಯುಸಿ. ಅದೇ ಪಾಠ ಬಂತು. ಈಗ ನಾನು ಉದಾಹರಣೆ ಕೊಡುವುದಿಲ್ಲ, ಹಲಗೆಯ ಮೇಲೆ ಚಿತ್ರ ಬರೆದು ಹೇಳಿ ಮುಗಿಸುತ್ತೇನೆ. ಅವಳು ಎದ್ದು ನಿಂತಳು.

“ಸಾರ್, ಇಲೆಕ್ಟ್ರಾನನ್ನ ಆ ಕಡೆಗೆ ಯಾರು ಕಳಿಸ್ತಾರೆ?”

ಒಳ್ಳೆಯ ಪ್ರಶ್ನೆ. ಉತ್ತರವೂ ಗೊತ್ತು. “ಯಾರೂ ಕಳಿಸಲ್ಲಮ್ಮ. ಬ್ಯಾಟರಿನೂ ಬೇಕಾಗಿಲ್ಲ. ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಅದೇ ಎದ್ದು ಹೋಗಿ —” ಎಂದವನು ನಿಂತುಬಿಟ್ಟೆ.

ವಿಜ್ಞಾನದ ಮಟ್ಟಿಗೆ ಸರಿಯಾದ ಉತ್ತರ. ಆದರೆ ಅದೇ ಬಾಯಿ, ಹೆಚ್ಚುಕಡಿಮೆ ಅದೇ ಮಾತು. ತಾಯಿ ಹೇಳಿಕೊಟ್ಟು ಕಳಿಸಿದ ಪ್ರಶ್ನೆಯೋ? ಹುಡುಗಿ ಪೆನ್ನು ಹಿಡಿದು, ನಾನು ಮುಂದೆ ಹೇಳುವುದನ್ನು ಬರೆದುಕೊಳ್ಳಲು ಕಾಯುತ್ತಿದ್ದಳು. ಆ ಮುಖದಲ್ಲಿ ಪ್ರಶ್ನೆ ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ. ಅವಳ ತಾತ ಮಾತ್ರ ಕಣ್ಣ ಮುಂದೆ ಬಂದರು. ತಮ್ಮ ಮಗಳು ಸುಳ್ಳಿ ಎಂದು ನಂಬಿಕೊಂಡೇ ಆ ಮನುಷ್ಯ ಮುದುಕರಾಗಿದ್ದಾರೆ. ನಂಬಿಸಿದವನು ನಾನು.

ಭಾನುವಾರ ನ್ಯಾಮತಿ ಬಸ್ಸು ಹತ್ತಿ ರುದ್ರಪ್ಪನವರ ಮನೆಗೆ ಹೋದೆ. ಸಿಂಚನಾ ಚನ್ನಗಿರಿಗೆ ಹೋಗಿದ್ದಳು. ರುದ್ರಪ್ಪನವರು ಗುರುತು ಹಿಡಿದು, ಅವತ್ತಿನ ಹಾಗೆಯೇ, ಎದ್ದು ನಿಂತು ಕೈಮುಗಿದರು. ಕೂತ್ಕೊಳ್ರಿ ಎಂದರೂ ನಾನು ಕೂರಲಿಲ್ಲ. ಅವರಿಗೆ ಕಿವಿ ಸ್ವಲ್ಪ ಮಂದ, ಜೋರಾಗಿಯೇ ಹೇಳಬೇಕಾಯಿತು. ಹುಡುಗನನ್ನು ಕಳಿಸಿದ್ದು ನಾನು, ನಿಮ್ಮ ಮಗಳು ಹೇಳಿದ್ದೇ ನಿಜ, ನಾನು ಹೇಳಿದ್ದು ಸುಳ್ಳು ಎಂದು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜೇಬಿನಿಂದ ಫೋನ್ ತೆಗೆದು, ನಂಬರು ಒತ್ತಿ, ನನ್ನ ಕೈಗೆ ಕೊಟ್ಟರು. “ಅವಳಿಗೆ ಹೇಳ್ರಿ.”

“ಅಪ್ಪಾ, ಊಟ ಆತಾ?” ಶೈಲಾಳ ಧ್ವನಿ.

“ಅಪ್ಪ ಅಲ್ಲಮ್ಮ, ನಾನು — ಹೊನ್ನಾಳಿ ಸಾರು. ಅವತ್ತು ಮಂಜುನಾಥನ್ನ ಕಳಿಸಿದ್ದು ನಾನೇ ಅಂತ ನಿಮ್ಮ ಅಪ್ಪನಿಗೆ ಹೇಳಾಕೆ ಬಂದಿದೀನಿ. ಹೇಳಿದೆ.”

ಆ ಕಡೆ ಮಿಕ್ಸಿ ತಿರುಗುತ್ತಿತ್ತು, ನಿಂತಿತು. ಸಿಂಚನಾಳ ಪ್ರಶ್ನೆಯ ಬಗ್ಗೆ ಕೇಳಬೇಕೆಂದುಕೊಂಡಿದ್ದೆ. ಕೇಳಲಿಲ್ಲ.

“ಅಪ್ಪ ಕೇಳಿಸ್ಕೊಂಡ್ರಾ ಸಾರ್?” ಎಂದಳು. ಅಷ್ಟೇ ಕೇಳಿದ್ದು.

“ಕೇಳಿಸ್ಕೊಂಡ್ರು.”

ಫೋನನ್ನು ಅಪ್ಪನ ಕೈಗೆ ಕೊಡಿ ಎಂದಳು. ರುದ್ರಪ್ಪನವರು ಅದನ್ನು ಕಿವಿಗೆ ಒತ್ತಿ ಹಿಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ.

ಮಂಜುನಾಥ ಸೊಕ್ಕೆಯಲ್ಲೇ ಇದ್ದಾನಂತೆ, ಟ್ರ್ಯಾಕ್ಟರ್ ಓಡಿಸುತ್ತಾನಂತೆ. ಅವನು ಮೊದಲು “ಬ್ಯಾಡ ಸಾರ್” ಎಂದಿದ್ದ. ಅದನ್ನು ರುದ್ರಪ್ಪನವರಿಗೂ ನಾನು ಹೇಳಲಿಲ್ಲ, ಏಕೆ ನುಂಗಿಕೊಂಡೆನೋ ಗೊತ್ತಿಲ್ಲ. ನಾಳೆ ಜಗಳೂರಿಗೆ ಹೋಗಿ ಸೊಕ್ಕೆ ಬಸ್ಸು ಹತ್ತುತ್ತೇನೆ. ಅವನು ಬೇಡ ಎಂದಿದ್ದ ಎಂದು ಅವನ ಮನೆಯವರ ಎದುರು ಹೇಳಬೇಕು.